ಹಳೆಯ ಬೇಟೆ ರೈಫಲಿನಲ್ಲಿ ಕಾಡತೂಸು ಸಿಕ್ಕಿಕೊಂಡರೆ

ಬಳಸಿದ ಬೋಲ್ಟ್ ರೈಫಲನ್ನು (ಕೈಯಿಂದ ಹಿಂದೆಮುಂದೆ ಸರಿಸುವ ಬೋಲ್ಟ್ ಎಂಬ ಲೋಹದ ಭಾಗವು ಕಾಡತೂಸನ್ನು ಒಳನೂಕುವ ಕೋವಿ) ಕೊಂಡವರು, ಕಾಡತೂಸು ಸರಾಗವಾಗಿ ಒಳಹೋಗುತ್ತಿಲ್ಲವೆಂದ ಕೂಡಲೇ ಒಳಭಾಗವನ್ನು ಅರದಿಂದ ಉಜ್ಜಲು ಹೊರಡಬಾರದು. ಸವೆಸಿದ ಲೋಹ ಮರಳಿ ಬಾರದು. ಮೊದಲು ಕೋವಿ ಖಾಲಿಯಿದೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಕಾಡತೂಸುಗಳನ್ನು ತುಂಬುವ ಪೆಟ್ಟಿಗೆಯಾದ ಮ್ಯಾಗಜೀನನ್ನು ಬಿಚ್ಚಿ, ವರ್ಷಗಳಿಂದ ಅಂಟಿನಂತೆ ಗಟ್ಟಿಯಾಗಿರುವ ಎಣ್ಣೆಯನ್ನು ಒರೆಸಿ ತೆಗೆಯಬೇಕು. ನನ್ನ ಅನುಭವದಲ್ಲಿ ಅರ್ಧ ತೊಂದರೆ ಅಲ್ಲಿಯೇ ಮುಗಿಯುತ್ತದೆ. ನಂತರ ಮದ್ದಿಲ್ಲದ ಡಮ್ಮಿ ಕಾಡತೂಸುಗಳನ್ನು ತುಂಬಿ, ಬೋಲ್ಟನ್ನು ನಿಧಾನವಾಗಿ ನೂಕುತ್ತಾ, ಗುಂಡಿನ ಮೂತಿ ಎಲ್ಲಿ ತಗಲುತ್ತದೆಂಬುದನ್ನು ಗಮನಿಸಿರಿ. ಮೂತಿ ಕೆಳಗೆ ಬಾಗಿ ಗುದ್ದಿದರೆ, ಕಾಡತೂಸನ್ನು ಮೇಲಕ್ಕೊತ್ತುವ ಮ್ಯಾಗಜೀನಿನ ಸ್ಪ್ರಿಂಗ್ ಸೋತಿರಬಹುದು ಅಥವಾ ಹಿಂದುಮುಂದಾಗಿ ಕೂತಿರಬಹುದು. ಕಾಡತೂಸು ಬೇಗನೆ ಮೇಲಕ್ಕೆ ಹಾರಿದರೆ ಮ್ಯಾಗಜೀನಿನ ಮೇಲಂಚು ಅಗಲಗೊಂಡಿರುವ ಸಾಧ್ಯತೆಯಿದೆ. ಬೋಲ್ಟನ್ನು ಪೂರ್ತಿ ಹಿಂದಕ್ಕೆ ಎಳೆಯದ ನಮ್ಮದೇ ಅಭ್ಯಾಸವನ್ನೂ ಶಂಕಿಸಬೇಕು. ಅಂಚನ್ನು ಇಕ್ಕಳದಿಂದ ಬಗ್ಗಿಸುವುದಕ್ಕಿಂತ ಅದೇ ಮಾದರಿಯ ಇನ್ನೊಂದು ಮ್ಯಾಗಜೀನ್ ಹಾಕಿ ನೋಡುವುದು ಲೇಸು. ಆಗಲೂ ಸಿಕ್ಕಿಕೊಂಡರೆ ಕೋವಿ ರಿಪೇರಿ ಬಲ್ಲವರಿಗೆ ತೋರಿಸಿರಿ.