ಆಡಿಯೋಗ್ರಾಂ ಓದುವುದು ಹೇಗೆ: ಒಳಕಿವಿಯ ನಕ್ಷೆ, ಮತ್ತು ನಕ್ಷೆಯಲ್ಲಿ ಕಾಣದ್ದು

ಶ್ರವಣ ಪರೀಕ್ಷೆ ಮುಗಿದ ಮೇಲೆ ಕೈಗೆ ಬರುವ ಹಾಳೆಯಲ್ಲಿ, ಅಂದರೆ ಆಡಿಯೋಗ್ರಾಂನಲ್ಲಿ, ಎರಡು ಗೆರೆ, ಅವುಗಳ ಕೆಳಗೆ ಒಂದು ಪದ: ಅಲ್ಪ, ಮಧ್ಯಮ ಅಥವಾ ತೀವ್ರ. ಹೆಚ್ಚಿನವರು ಆ ಪದ ಓದಿ ಹಾಳೆ ಮಡಚಿಡುತ್ತಾರೆ. ನಿಜವಾಗಿ ಓದಬೇಕಾದದ್ದು ಗೆರೆಯ ಆಕಾರವನ್ನು. ಒಳಕಿವಿಯ ಯಾವ ಜಾಗ ಸವೆದಿದೆ ಎಂಬುದು ಅಲ್ಲಿದೆ.

ಒಳಕಿವಿಯ ಕಾಕ್ಲಿಯಾ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುತ್ತಿಕೊಂಡ ನಳಿಕೆ. ಬಿಡಿಸಿ ಚಾಚಿದರೆ 35 ಮಿಲಿಮೀಟರ್ ಆಸುಪಾಸು. ಅದರೊಳಗಿನ ಪೊರೆಯ ಮೇಲೆ ಸದ್ದು ಅಲೆಯಾಗಿ ಸಾಗುತ್ತದೆ. ಕೀರಲು ಸ್ವರದ ಅಲೆ ಬುಡದಲ್ಲೇ ಎದ್ದು ಅಡಗುತ್ತದೆ, ಗಡಸು ಸ್ವರದ್ದು ತುದಿಯವರೆಗೆ ಹೋಗುತ್ತದೆ. ಈ ಅಲೆಯನ್ನು ಕಂಡುಹಿಡಿದದ್ದಕ್ಕೇ ಗಿಯೋರ್ಗ್ ಫಾನ್ ಬೆಕೇಶಿಗೆ 1961ರ ನೊಬೆಲ್ ಬಂತು. ಆಡಿಯೋಗ್ರಾಂನ ಅಡ್ಡ ಅಂಚಿನಲ್ಲಿ ಎಡದಿಂದ ಬಲಕ್ಕೆ 250, 500, 1000, 2000, 4000, 8000 ಹರ್ಟ್ಸ್ ಎಂದಿರುತ್ತದಲ್ಲ, ಅವು ಕಂಪನಾಂಕಗಳು, ಅಂಕ ಏರಿದಷ್ಟೂ ಸ್ವರ ಕೀರಲು; ಆ ಸಾಲು ಕಾಕ್ಲಿಯಾದ ತುದಿಯ ಕಡೆಯಿಂದ ಬುಡದ ಕಡೆಗೆ ನಡೆದಂತೆ. 4000 ಹರ್ಟ್ಸ್‌ನ ಜಾಗ ಬುಡದಿಂದ ಸುಮಾರು ಮೂರನೇ ಒಂದು ಭಾಗ ಒಳಗೆ.

ನಿಲುವು ಅಂಚಿನಲ್ಲಿರುವುದು ಡೆಸಿಬೆಲ್. ಇಲ್ಲಿ ಎಲ್ಲರೂ ಎಡವುತ್ತಾರೆ: ಕೆಳಗೆ ಹೋದಷ್ಟೂ ಸದ್ದು ಜೋರು, ಕಿವಿ ಮಂದ. ಸೊನ್ನೆ ಎಂದರೆ ನಿಶ್ಶಬ್ದವಲ್ಲ, ಆರೋಗ್ಯವಂತ ಎಳೆಯರ ಕಿವಿಗೆ ಸರಾಸರಿ ಕೇಳಿಸಲು ಶುರುವಾಗುವ ಮಟ್ಟ. ಹಾಗಾಗಿ ಕೆಲವರಿಗೆ ಮೈನಸ್ 5, ಮೈನಸ್ 10 ಕೂಡ ಬರುತ್ತದೆ.

ಪರೀಕ್ಷೆಯೇ ಸರಿಯಾಗಿ ಆಗದಿದ್ದರೆ

ಹಾಳೆ ಓದುವ ಮೊದಲು ಅದನ್ನು ನಂಬಬಹುದೇ ನೋಡಿ. ಹಿಂದಿನ ದಿನ ಗದ್ದಲದಲ್ಲಿದ್ದ ಕಿವಿ ತಾತ್ಕಾಲಿಕವಾಗಿ ಮಂದವಾಗಿರುತ್ತದೆ. ಆದ್ದರಿಂದ ಕನಿಷ್ಠ 14 ಗಂಟೆ ಜೋರು ಸದ್ದಿನಿಂದ ದೂರವಿದ್ದು ಹೋಗಬೇಕು. ಗುಗ್ಗೆ ಕಟ್ಟಿದ್ದರೆ ಮೊದಲೇ ತೆಗೆಸಿ. ಬಡ್ಸ್ ಹಾಕಿ ಕೆದಕಿದರೆ ಅದು ಕಿವಿತಮಟೆಯತ್ತ ಇನ್ನಷ್ಟು ಒತ್ತಿಕೊಂಡು ಕೂರುತ್ತದೆ. ಕನ್ನಡಕ, ಓಲೆ ತೆಗೆದಿಡಿ, ಹೆಡ್‌ಫೋನ್‌ನಡಿ ಕೂದಲು ಸಿಕ್ಕಿಕೊಳ್ಳದಿರಲಿ. ಕೆಂಪು ಬದಿ ಬಲಗಿವಿಗೆ, ನೀಲಿ ಎಡಗಿವಿಗೆ.

ವಯಸ್ಸಾದವರಲ್ಲಿ ಇನ್ನೊಂದು ತೊಡಕುಂಟು. ಕಿವಿನಾಳದ ಮೆದುವಾದ ಭಾಗ ಹೆಡ್‌ಫೋನ್‌ನ ಒತ್ತಡಕ್ಕೆ ಮುಚ್ಚಿಕೊಂಡು, ಮೇಲಿನ ಕಂಪನಾಂಕಗಳಲ್ಲಿ ಇಲ್ಲದ ನಷ್ಟವನ್ನು ತೋರಿಸುತ್ತದೆ. ಅನುಮಾನ ಬಂದರೆ ನಾಳದೊಳಗೆ ಕೂರುವ ಸ್ಪಂಜಿನ ಇಯರ್‌ಫೋನ್‌ನಲ್ಲಿ ಮತ್ತೆ ಅಳೆಯುವಂತೆ ಕೇಳಿ.

ಅಳೆಯುವ ಕ್ರಮ ಹೀಗೆ. ಚೆನ್ನಾಗಿ ಕೇಳಿಸುವ ಕಿವಿಗೆ 1000 ಹರ್ಟ್ಸ್‌ನಿಂದ ಶುರು. ಸ್ಪಷ್ಟವಾಗಿ ಕೇಳಿಸುವ ಮಟ್ಟದಿಂದ, ಸಾಮಾನ್ಯವಾಗಿ 30 ಡೆಸಿಬೆಲ್‌ನಿಂದ, ಗುಂಡಿ ಒತ್ತಿದಾಗಲೆಲ್ಲ 10 ಇಳಿಸುತ್ತಾರೆ, ಒತ್ತದಿದ್ದಾಗ 5 ಏರಿಸುತ್ತಾರೆ. ಏರುವ ಹಾದಿಯಲ್ಲಿ ಮೂರರಲ್ಲಿ ಎರಡು ಸಲ ಕೇಳಿಸಿದ ಅತಿ ಸಣ್ಣ ಮಟ್ಟವೇ ಅಲ್ಲಿನ ಅಂಕ. ಮೇಲಿನ ಕಂಪನಾಂಕಗಳನ್ನು ಮುಗಿಸಿ 1000ಕ್ಕೆ ಮರಳಿ ಇನ್ನೊಮ್ಮೆ ಅಳೆಯಬೇಕು. ಎರಡಕ್ಕೂ 5 ಡೆಸಿಬೆಲ್‌ಗಿಂತ ಹೆಚ್ಚು ಅಂತರವಿದ್ದರೆ ಉಳಿದ ಅಂಕಗಳೂ ಅನುಮಾನವೇ. ಕೂತವರು ಮಾಡುವ ತಪ್ಪು ಒಂದೇ: ಖಾತ್ರಿಯಾಗುವವರೆಗೆ ಕಾಯುವುದು. ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣಗಿದ್ದರೂ ಒತ್ತಿ. ಅಳೆಯಬೇಕಾದದ್ದೇ ಆ ಅಂಚನ್ನು.

ಗುರುತುಗಳು

ಕೆಂಪು ಸೊನ್ನೆ ಬಲಗಿವಿ, ನೀಲಿ ಇಂಟು ಮಾರ್ಕ್ ಎಡಗಿವಿ. ಇವು ಹೆಡ್‌ಫೋನ್ ಮೂಲಕ, ಅಂದರೆ ಗಾಳಿಯ ಹಾದಿಯಲ್ಲಿ ಅಳೆದವು. ಕಿವಿಯ ಹಿಂದಿನ ಮೂಳೆಗೆ ಕಂಪಕ ಒತ್ತಿ ಅಳೆದದ್ದು ಬಾಣದ ತಲೆಯಂತೆ ಕಾಣುತ್ತದೆ. ತುದಿ ಎಡಕ್ಕೆ ಮುಖ ಮಾಡಿದ್ದರೆ ಅದು ಬಲಗಿವಿಯದ್ದು. ತ್ರಿಕೋನ, ಚೌಕ, ಚೌಕ ಆವರಣ ಕಂಡರೆ ಮಾಸ್ಕಿಂಗ್ ಮಾಡಿದ್ದಾರೆ ಎಂದು ತಿಳಿಯಿರಿ, ಅಂದರೆ ಇನ್ನೊಂದು ಕಿವಿಗೆ ಗುಯ್ ಸದ್ದು ಕೊಟ್ಟು ಅದನ್ನು ಆಟದಿಂದ ಹೊರಗಿಟ್ಟಿದ್ದಾರೆ. ಹೆಡ್‌ಫೋನ್ ಸದ್ದು 40 ಡೆಸಿಬೆಲ್ ಕಳೆದುಕೊಂಡು ತಲೆಬುರುಡೆಯ ಮೂಲಕ ಆಚೆ ಕಿವಿಗೆ ದಾಟಬಲ್ಲದು. ಎರಡು ಕಿವಿಗಳ ನಡುವೆ ಅಷ್ಟು ಅಂತರವಿದ್ದೂ ಮಾಸ್ಕಿಂಗ್ ಇಲ್ಲವೆಂದರೆ, ಕೆಟ್ಟ ಕಿವಿಯ ಗೆರೆ ಒಳ್ಳೆಯ ಕಿವಿಯ ನೆರಳಷ್ಟೇ ಇರಬಹುದು.

ಗಾಳಿಯ ಗುರುತು ಮೂಳೆಯ ಗುರುತಿಗಿಂತ 15 ಡೆಸಿಬೆಲ್ ಅಥವಾ ಹೆಚ್ಚು ಕೆಳಗಿದ್ದರೆ ದೋಷ ಹೊರಕಿವಿ ಅಥವಾ ನಡುಕಿವಿಯಲ್ಲಿ: ಗುಗ್ಗೆ, ತೂತಾದ ತಮಟೆ, ತಮಟೆಯ ಹಿಂದೆ ನೀರು, ಬಿಗಿದುಕೊಂಡ ನಡುಕಿವಿಯ ಪುಟ್ಟ ಮೂಳೆ. ಇವುಗಳಲ್ಲಿ ಬಹಳಷ್ಟಕ್ಕೆ ಮದ್ದು ಅಥವಾ ಶಸ್ತ್ರಚಿಕಿತ್ಸೆ ಉಂಟು. ಎರಡೂ ಜೊತೆಜೊತೆಯಾಗಿ ಕೆಳಗಿಳಿದರೆ ಒಳಕಿವಿ ಅಥವಾ ನರ.

ಆಕಾರ

4000ದ ಬಳಿ ತಗ್ಗು ಬಿದ್ದು 8000ದಲ್ಲಿ ಮತ್ತೆ ಮೇಲೆದ್ದ ಗೆರೆ ಗದ್ದಲದ ಪೆಟ್ಟಿನ ಗುರುತು. ಕಾರಣ ಕಿವಿನಾಳದಲ್ಲೇ ಇದೆ. ಆ ಕೊಳವೆ 3000 ಹರ್ಟ್ಸ್‌ನ ಆಸುಪಾಸಿನ ಸದ್ದನ್ನು ತಾನಾಗಿ ಹಿಗ್ಗಿಸುತ್ತದೆ, ಪೆಟ್ಟು ಅದಕ್ಕಿಂತ ತುಸು ಮೇಲಿನ ಜಾಗಕ್ಕೆ ಬೀಳುತ್ತದೆ. ತಗ್ಗು ಏಳದೆ 8000ದವರೆಗೆ ಜಾರುತ್ತಲೇ ಹೋದರೆ ವಯಸ್ಸಿನ ಸವೆತದ ಲಕ್ಷಣ. ಎಡತುದಿ ಮಾತ್ರ ಕುಸಿದು ತಲೆಸುತ್ತು, ಕಿವಿ ತುಂಬಿದಂತಾಗುವುದೂ ಇದ್ದರೆ ಒಳಕಿವಿಯ ಮೆನಿಯೆರ್ ಕಾಯಿಲೆಯ ಕಡೆ ನೋಡುತ್ತಾರೆ. ಒಂದೇ ಕಿವಿ ಕೆಟ್ಟಿದ್ದು ಕಾರಣ ತಿಳಿಯದಿದ್ದರೆ ನರದ ಮೇಲೆ ಗಡ್ಡೆ ಇಲ್ಲವೆಂದು ಎಂಆರ್‌ಐ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು. ಅಕ್ಕಪಕ್ಕದ ಮೂರು ಕಂಪನಾಂಕಗಳಲ್ಲಿ 30 ಡೆಸಿಬೆಲ್‌ನಷ್ಟು ನಷ್ಟ ಮೂರು ದಿನದೊಳಗೆ ಬಂದರೆ ಅದು ತುರ್ತು. ಸ್ಟೀರಾಯ್ಡ್ ಚಿಕಿತ್ಸೆಗೆ ಫಲ ಸಿಗುವುದು ಮೊದಲ ಎರಡು ವಾರಗಳಲ್ಲಿ, ಬೇಗ ಶುರುವಾದಷ್ಟೂ ಒಳ್ಳೆಯದು. ನೆಗಡಿ ಇರಬೇಕು ಎಂದು ಕಾಯುವಂತಿಲ್ಲ.

ಈಗ ಸರಾಸರಿಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಚೆನ್ನಾಗಿರುವ ಕಿವಿಯ 500, 1000, 2000, 4000ದ ಅಂಕಗಳನ್ನು ಕೂಡಿ ನಾಲ್ಕರಿಂದ ಭಾಗಿಸಬೇಕು. 20ಕ್ಕಿಂತ ಕಡಿಮೆ ಬಂದರೆ ಸಹಜ, 20ರಿಂದ 35ರೊಳಗೆ ಅಲ್ಪ, 35ರಿಂದ 50ರೊಳಗೆ ಮಧ್ಯಮ, ಹೀಗೆ ಮುಂದಕ್ಕೆ. ಕ್ರಮವಾಗಿ 15, 20, 35, 60 ಬಂದಿದೆ ಎನ್ನಿ. ಸರಾಸರಿ 32.5, ಹಣೆಪಟ್ಟಿ ‘ಅಲ್ಪ’. ಆದರೆ 4000ದಲ್ಲಿ 60 ಎಂದರೆ ಅಲ್ಪವೇನಲ್ಲ. ‘ಸ’ಕಾರದ ಸದ್ದಿರುವುದು ಹೆಚ್ಚಾಗಿ 4000ದ ಮೇಲೆ, ಸ್ವರಗಳ ಬಲವಿರುವುದು 1000ದ ಕೆಳಗೆ. ಸಾಲು, ಕಾಲು, ಹಾಲು ಮೂರರಲ್ಲೂ ‘ಆಲು’ ಮಾತ್ರ ಕಿವಿಗೆ ಬೀಳುತ್ತದೆ, ಮೊದಲಕ್ಷರವನ್ನು ಮಿದುಳು ಊಹಿಸಬೇಕು. ‘ಕೇಳಿಸುತ್ತೆ, ಏನಂದ್ರು ಅಂತ ಗೊತ್ತಾಗಲ್ಲ’ ಎನ್ನುವ ದೂರು ಹುಟ್ಟುವುದು ಇಲ್ಲೇ. ಹಾಗಾಗಿ ಸರಾಸರಿಯ ಪಕ್ಕದಲ್ಲಿ 4000ದ ಅಂಕವನ್ನೂ ಬರೆದಿಟ್ಟುಕೊಳ್ಳಿ. ಮುಂದಿನ ಸಲದ ಹಾಳೆಗೆ ಹೋಲಿಸುವಾಗ 5 ಡೆಸಿಬೆಲ್ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅಷ್ಟು ಏರುಪೇರು ಅಳತೆಯಲ್ಲೇ ಇದೆ.

ಹಾಳೆಯಲ್ಲಿ ಕಾಣದ್ದು

ಪ್ರತಿ ಕಾಕ್ಲಿಯಾದಲ್ಲಿ ಸುಮಾರು 12,000 ಹೊರ ರೋಮಕೋಶ, 3,500 ಒಳ ರೋಮಕೋಶ. ಹೊರಗಿನವು ಕುಣಿದು ಸಣ್ಣ ಸದ್ದನ್ನು ಹಿಗ್ಗಿಸುತ್ತವೆ, ಒಳಗಿನವು ಅದನ್ನು ನರಕ್ಕೆ ಒಪ್ಪಿಸುತ್ತವೆ. ಸತ್ತ ರೋಮಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಆದರೆ ಕೋಶ ಬದುಕಿದ್ದೂ ನರದ ಜೊತೆಗಿನ ಕೊಂಡಿ ಕಳಚಬಹುದು. 2009ರಲ್ಲಿ ಶರಾನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ 100 ಡೆಸಿಬೆಲ್ ಗದ್ದಲವನ್ನು ಎರಡು ಗಂಟೆ ಕೇಳಿಸಿ ನೋಡಿದರು. ಕೆಲವೇ ವಾರಗಳಲ್ಲಿ ಕೇಳಿಸುವ ಮಟ್ಟ ಸಹಜಕ್ಕೆ ಮರಳಿತು; ಪೆಟ್ಟು ಬಿದ್ದ ಜಾಗದಲ್ಲಿ ಕೊಂಡಿಗಳು ಮಾತ್ರ ಅರ್ಧದಷ್ಟು ಹೋಗಿದ್ದವು. ನಿಶ್ಶಬ್ದ ಕೋಣೆಯಲ್ಲಿ ಒಂದು ಬೀಪ್ ಗುರುತಿಸಲು ನರದ ಉಳಿದ ನಾರುಗಳು ಸಾಕು, ಅದಕ್ಕೇ ಆಡಿಯೋಗ್ರಾಂಗೆ ಈ ನಷ್ಟ ಕಾಣುವುದಿಲ್ಲ. ಮನುಷ್ಯರಲ್ಲಿ ಇದನ್ನು ನೇರವಾಗಿ ಅಳೆಯುವ ಪರೀಕ್ಷೆ ಇನ್ನೂ ಆಸ್ಪತ್ರೆಗೆ ಬಂದಿಲ್ಲ.

ಗೆರೆ ನೆಟ್ಟಗಿದ್ದೂ ಜನರ ನಡುವೆ ಮಾತು ಹಿಡಿಯಲಾಗದಿದ್ದರೆ ಎರಡು ಪರೀಕ್ಷೆ ಕೇಳಿ ಪಡೆಯಿರಿ. ಒಂದು, ಗದ್ದಲದ ನಡುವೆ ವಾಕ್ಯ ಗುರುತಿಸುವುದು. ಇನ್ನೊಂದು ಓಟೋಅಕೌಸ್ಟಿಕ್ ಎಮಿಷನ್: ಹೊರ ರೋಮಕೋಶಗಳು ತಾವೇ ಹೊರಡಿಸುವ ಪ್ರತಿಧ್ವನಿಯನ್ನು ಪುಟ್ಟ ಮೈಕ್‌ನಲ್ಲಿ ಹಿಡಿಯುವುದು. ಡೇವಿಡ್ ಕೆಂಪ್ 1978ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಪ್ರತಿಧ್ವನಿ ಚೆನ್ನಾಗಿದ್ದು ವಾಕ್ಯಗಳಲ್ಲಿ ಮಾತ್ರ ಸೋತರೆ ತೊಂದರೆ ಹೊರ ರೋಮಕೋಶಗಳಿಂದ ಮುಂದೆ, ಒಳ ಕೋಶದಿಂದ ಮಿದುಳಿನವರೆಗಿನ ಹಾದಿಯಲ್ಲಿದೆ. ಅಲ್ಲಿ ಬರೀ ಸದ್ದು ಹೆಚ್ಚಿಸಿದರೆ ಗದ್ದಲವೂ ಅಷ್ಟೇ ಹೆಚ್ಚುತ್ತದೆ. ಮಾತನಾಡುವವರ ಎದೆಗೆ, ಬಾಯಿಂದ 15ರಿಂದ 20 ಸೆಂಟಿಮೀಟರ್ ಕೆಳಗೆ ಸಿಕ್ಕಿಸುವ ವೈರ್‌ಲೆಸ್ ಮೈಕ್ ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.