ವ್ಯಾಯಾಮದ ಪಟ್ಟಿ ಅಡುಗೆಮನೆ, ಬಚ್ಚಲುಮನೆಗಳಿಂದ ಬಂತು

ನಾನು ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್. ಮನೆ ಬಿಟ್ಟು ಹೊರಗೆ ಬರಲಾಗದ ಹಿರಿಯರ ಕಾಲಿನ ಬಲ ಉಳಿಸಲು ನಾವು ಕೆಲವರು ಸೇರಿ ಒಂದು ಕಾರ್ಯಕ್ರಮ ಮಾಡಿದೆವು. ನಾನು ಒಂದು ಮನೆಯಲ್ಲಿ ಇರುವುದು ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಹಿರಿಯರ ಜೊತೆಗಿರುವವರು ಹೋಮ್ ನರ್ಸ್. ಹೆಸರು ಹಾಗಿದ್ದರೂ ತುಂಬಾ ಜನ ನರ್ಸಿಂಗ್ ಓದಿದವರಲ್ಲ. ಆದರೆ ಸ್ನಾನ, ಊಟ, ಮಾತ್ರೆ, ಶೌಚ ಎಲ್ಲ ಅವರ ಕೈಯಲ್ಲೇ. ಹಾಗಾಗಿ ಏನನ್ನೂ ಬರೆಯುವ ಮೊದಲೇ ಅವರನ್ನು ಕರೆದೆ.

ಏಜೆನ್ಸಿಯವರು, ಮನೆಯವರು ಯಾರೂ ಇಲ್ಲದ ಕಡೆ ಕೂತೆವು. ಸಂಬಳ ಕೊಡುವವರ ಎದುರು ಯಾರು ಬಾಯಿ ಬಿಡುತ್ತಾರೆ, ಅಲ್ವಾ? ಬಂದವರಿಗೆ ಆ ಹೊತ್ತಿನ ಕೂಲಿಯನ್ನೂ ಕೊಟ್ಟೆವು. ಸುಮ್ನೆ ಒಂದು ಕಾಫಿ ಕೊಟ್ಟು ಅವರ ಅನುಭವ ಪಡೆಯುವುದು ನ್ಯಾಯವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಕೈಪಿಡಿಯಲ್ಲಿ ಒಂದು ಸರಳ ಪರೀಕ್ಷೆ ಇದೆ. ಕೈ ಊರದೆ ಕುರ್ಚಿಯಿಂದ 5 ಸಲ ಎದ್ದು ಕೂರಬೇಕು, 14 ಸೆಕೆಂಡಿನೊಳಗೆ. ಅದನ್ನು ಮಾಡಿ ತೋರಿಸಿದೆ. ಒಬ್ಬರು, "ಮೇಡಂ, ನಮ್ಮಜ್ಜಿ ಕುರ್ಚಿ ಮೇಲೆ ಕೂರೋದೇ ಇಲ್ಲ. ದಿವಾನ್ ಮೇಲೇ. ಅದು ತುಂಬಾ ತಗ್ಗು" ಎಂದರು. ಆಮೇಲೆ ಪಕ್ಕದವರನ್ನೇ ಅಜ್ಜಿ ಮಾಡಿ ಕೂರಿಸಿದರು. ಅಂಚಿಗೆ ಜರುಗಿಸಿದರು. ಪಾದ ಹಿಂದಕ್ಕೆ ಎಳೆದುಕೊಳ್ಳಲು ಹೇಳಿದರು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದಕ್ಕೆ ಬಗ್ಗಿಸಿ, "ಈಗ ಏಳಿ ಅಜ್ಜಿ" ಎಂದರು. ಕಂಕುಳಿಗೆ ಕೈ ಹಾಕಿ ಎತ್ತಲಿಲ್ಲ. ನಾವು ಕಾಲೇಜಿನಲ್ಲಿ ಕಲಿಯುವುದೂ ಇದನ್ನೇ. ಅವರು ತಮ್ಮ ಸೊಂಟ ಉಳಿಸಿಕೊಳ್ಳಲು ತಾವಾಗಿಯೇ ಕಂಡುಕೊಂಡಿದ್ದರು.

ಬೆಳಗ್ಗೆ ವ್ಯಾಯಾಮಕ್ಕೆ ಅಂತ ಬೇರೆ ಸಮಯ ಸಿಗುವುದಿಲ್ಲ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಆದರೆ ಶೌಚಕ್ಕೆ, ಸ್ನಾನಕ್ಕೆ, ತಿಂಡಿಗೆ ಹೇಗೂ ಎಬ್ಬಿಸುತ್ತಾರೆ. ಎಬ್ಬಿಸಿದಾಗಲೆಲ್ಲ ಇನ್ನೆರಡು ಸಲ ಎಬ್ಬಿಸಿ ಕೂರಿಸುವುದು ಎಂದು ಅವರೇ ತೀರ್ಮಾನಿಸಿದರು. ನಾನು ಸೇರಿಸಿದ್ದು ಎಚ್ಚರಿಕೆಗಳನ್ನು. ಮಲಗಿದ್ದವರು ತಟ್ಟನೆ ಎದ್ದರೆ ಬಿಪಿ ಇಳಿದು ತಲೆ ಸುತ್ತುತ್ತದೆ. ಅದಕ್ಕೇ ಮೊದಲು ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತು ಪಾದ ಆಡಿಸಬೇಕು. ಎದೆನೋವು, ಜಾಸ್ತಿ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಬೇಕು.

ಹಿರಿಯರನ್ನು ಅವರ ಮನೆಗೇ ಹೋಗಿ ಕೇಳಿದೆ. ಮಗ, ಸೊಸೆ ಪ್ರೀತಿಯಿಂದಲೇ ಉತ್ತರ ಹೇಳಲು ಮುಂದೆ ಬರುತ್ತಾರೆ. ಆದರೂ ನನಗೆ ಹಿರಿಯರ ಮಾತೇ ಬೇಕಿತ್ತು. "ನೀವೇ ಏನು ಮಾಡ್ಕೋಬೇಕು ಅಂತ ಆಸೆ?" ಎಂದು ಕೇಳಿದೆ. ಒಬ್ಬ ಅಜ್ಜಿ, "ತುಳಸಿಗೆ ನಾನೇ ನೀರು ಹಾಕ್ಬೇಕು ಕಣಮ್ಮ" ಎಂದರು. ತುಳಸಿಕಟ್ಟೆಗೆ ಹೋಗಬೇಕಾದರೆ ಹೊಸ್ತಿಲು ದಾಟಬೇಕು. ಹಳೇ ಮನೆಯ ಹೊಸ್ತಿಲು ಎತ್ತರ. ಅದನ್ನು ತುಳಿಯುವಂತೆಯೂ ಇಲ್ಲ. ಹಾಗಾಗಿ ಬಾಗಿಲ ಚೌಕಟ್ಟು ಹಿಡಿದು ಕಾಲೆತ್ತಿ ದಾಟುವುದೇ ಆ ಮನೆಯ ಮುಖ್ಯ ವ್ಯಾಯಾಮವಾಯಿತು. ಹೋಮ್ ನರ್ಸ್ ಮಗ್ಗುಲಲ್ಲೇ ನಿಂತಿರುತ್ತಾರೆ.

ಲೆಕ್ಕ ಇಡಲು ನಾವು ತಂದ ಫಾರಂ ಯಾರಿಗೂ ಹಿಡಿಸಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ, ಒಂದು ಗೀಟು ಎಳೆದರೆ ಸಾಕು ಎಂದರು. ಅದೇ ನಡೆಯುತ್ತಿದೆ.

ಇನ್ನೂ ಕಷ್ಟವಾಗಿರುವುದು ಹೋಮ್ ನರ್ಸ್ ಬದಲಾದಾಗ. ಹೊಸಬರು ಬಂದ ದಿನವೇ ಎಲ್ಲ ನಿಂತುಹೋಗುತ್ತದೆ. ಈಗ ಹಳಬರು ಅರ್ಧ ದಿನ ಜೊತೆಗಿದ್ದು ಕಲಿಸಿಕೊಟ್ಟು ಹೋಗಲಿ, ಅದಕ್ಕೂ ದುಡ್ಡು ಕೊಡಿ ಎಂದು ಮನೆಯವರನ್ನು ಕೇಳುತ್ತಿದ್ದೇವೆ. ಕೆಲವರು ಒಪ್ಪಿದ್ದಾರೆ.