125 ಮೈಕ್ರೊಸೆಕೆಂಡಿಗೆ ಎಷ್ಟು ಬೈಟ್: ಸ್ಪೀಡ್ ಲೆಕ್ಕಕ್ಕೆ ನಾನು ಹಿಡಿದ ದಾರಿ

ಟ್ರಾನ್ಸ್‌ಮಿಷನ್ ಕೆಲಸ ಮಾಡುವವರಿಗೆ ಇ1, ಎಸ್‌ಟಿಎಂ, ಜಿಪಾನ್ ಅಂದರೇನು ಅಂತ ನಾನು ಹೇಳಬೇಕಾಗಿಲ್ಲ. ಹೊಸಬರಿಗೆ ಒಂದು ಮಾತು: ಇ1, ಎಸ್‌ಟಿಎಂ ಟೆಲಿಕಾಂ ಕಂಪನಿಗಳ ಲಿಂಕ್‌ಗಳು, ಜಿಪಾನ್ ಮನೆಮನೆಗೆ ಫೈಬರ್ ಕೊಡುವ ವ್ಯವಸ್ಥೆ. ಇವೆಲ್ಲ ಒಂದೇ ಹಾಳೆಯ ಮೇಲೆ ಬಂದಾಗ ಲೆಕ್ಕ ಹೊಂದಿಸುವುದೇ ಕಷ್ಟ. ನಾನು ಎಂಬಿಪಿಎಸ್, ಜಿಬಿಪಿಎಸ್ ಎರಡನ್ನೂ ಬದಿಗಿಟ್ಟೆ. ಯಾವ ಸ್ಪೀಡ್ ಕೊಟ್ಟರೂ ಅದನ್ನು 125 ಮೈಕ್ರೊಸೆಕೆಂಡಿಗೆ ಎಷ್ಟು ಬೈಟ್ ಅಂತ ಬರೆದುಕೊಳ್ಳುತ್ತೇನೆ. "ಇರೋ ಯೂನಿಟ್ ಸಾಲದು ಅಂತ ನಿಮ್ಮದೊಂದು ಬೇರೆನಾ?" ಎಂದು ಆಫೀಸಿನಲ್ಲಿ ಎಲ್ಲರೂ ಕೇಳಿದರು. ಲಿಂಕ್ ಬಾಡಿಗೆಯಲ್ಲಿ ದುಡ್ಡು ಉಳಿದ ಮೇಲೆ ಅವರೂ ಇದನ್ನೇ ಬಳಸುತ್ತಿದ್ದಾರೆ.

ಎಸ್‌ಡಿಎಚ್‌ನಲ್ಲಿ (ಎಸ್‌ಟಿಎಂ ಲಿಂಕ್‌ಗಳು ನಡೆಯುವ ವ್ಯವಸ್ಥೆ) ಸೆಕೆಂಡಿಗೆ 8000 ಫ್ರೇಮ್, ಅಂದರೆ ಒಂದಕ್ಕೆ 125 ಮೈಕ್ರೊಸೆಕೆಂಡ್. ಹಾಗಾಗಿ ಫ್ರೇಮಿನ ಒಂದು ಬೈಟ್ ಅಂದರೆ 64 ಕೆಬಿಪಿಎಸ್. ಇ1 ಅಂದರೆ 32 ಬೈಟ್. ಎಸ್‌ಟಿಎಂ-1 ಅಂದರೆ 270 ಕಾಲಂ, 9 ಸಾಲು, ಒಟ್ಟು 2430 ಬೈಟ್. 1 ಎಂಬಿಪಿಎಸ್‌ಗೆ 15.625 ಬೈಟ್. ಇದೊಂದು ಬಾಯಿಪಾಠ ಆದರೆ ಸಾಕು. 100 ಎಂಬಿ (ಎಂಬಿಪಿಎಸ್) ಅಂದರೆ 1562.5, ಒಂದು ಗಿಗ್ (ಜಿಬಿಪಿಎಸ್) ಅಂದರೆ 15,625.

ಇದು ಕೆಲಸಕ್ಕೆ ಬಂದದ್ದು ಕೆಲವು ವರ್ಷದ ಹಿಂದೆ. ನಮ್ಮದು ಮಲೆನಾಡಿನ ಕಡೆಯ ಸಣ್ಣ ನೆಟ್‌ವರ್ಕ್. ಒಬ್ಬ ಗ್ರಾಹಕರಿಗೆ ಎರಡು ಊರಿನ ನಡುವೆ 100 ಎಂಬಿ ಈಥರ್ನೆಟ್ ಕೊಡಬೇಕಿತ್ತು. ಮಧ್ಯದಲ್ಲಿ ಬೇರೆಯವರ ಎಸ್‌ಡಿಎಚ್, ಬಾಡಿಗೆ ವಿಸಿ-12 (ಎಸ್‌ಡಿಎಚ್ ಒಳಗೆ ಒಂದು ಇ1 ಹಿಡಿಸುವ ಡಬ್ಬ) ಒಂದಕ್ಕೆ ಇಷ್ಟು ಅಂತ. ಅವರ ಕೊಟೇಷನ್ನಿನಲ್ಲಿ 50 ವಿಸಿ-12 ಇತ್ತು. 100 ಅನ್ನು 2ರಿಂದ ಭಾಗಿಸಿದ್ದರು. ನಮ್ಮವರೊಬ್ಬರು ಇ1ನ ಸ್ಪೀಡ್ 2.048 ಹಾಕಿ 49 ಸಾಕು ಅಂದರು. ಇನ್ನೊಬ್ಬರು ಡೇಟಾಶೀಟ್ ನೋಡಿ ವಿಸಿ-12ರ ಒಟ್ಟು ಸ್ಪೀಡ್ 2.24 ಹಾಕಿದರು, 45 ಬಂತು. ಒಂದೇ ಪ್ರಶ್ನೆಗೆ ಮೂರು ಉತ್ತರ. ಮೀಟಿಂಗ್ ಅಲ್ಲೇ ನಿಂತಿತು.

ಬೈಟ್‌ನಲ್ಲಿ ಬರೆದರೆ ಜಗಳವೇ ಇಲ್ಲ. ವಿಸಿ-12 ಅನ್ನು ಹೊತ್ತ ಟಿಯು-12 ಅಂದರೆ 36 ಬೈಟ್. ಪಾಯಿಂಟರ್‌ಗೆ (ಡಬ್ಬ ಎಲ್ಲಿ ಶುರು ಅಂತ ಹೇಳುವ ಗುರುತು) ಒಂದು, ಓವರ್‌ಹೆಡ್‌ಗೆ (ನಿಗಾ ಮಾಹಿತಿ) ಒಂದು ಹೋದರೆ ನಮ್ಮ ಡೇಟಾಗೆ 34. 1562.5 ಅನ್ನು 34ರಿಂದ ಭಾಗಿಸಿದರೆ 45.96. ಅಂದರೆ 46.

ಬಾಡಿಗೆ ಆಗ ಒಂದಕ್ಕೆ ತಿಂಗಳಿಗೆ 2000 ರೂಪಾಯಿ ಆಸುಪಾಸು ಇತ್ತು ಅಂತ ನೆನಪು. ನಾಲ್ಕು ಕಮ್ಮಿ ಆದರೆ ವರ್ಷಕ್ಕೆ ಹೆಚ್ಚುಕಮ್ಮಿ ಒಂದು ಲಕ್ಷ. ನಮ್ಮಂಥ ಸಣ್ಣವರಿಗೆ ಇದು ಒಬ್ಬ ಹುಡುಗನ ಸಂಬಳದ ದೊಡ್ಡ ಪಾಲು.

ಬಾಡಿಗೆ ಕೊಡುವವರ ಕಡೆಯ ಇಂಜಿನಿಯರ್ ಒಪ್ಪಲಿಲ್ಲ. "ಸರ್, 46ರಲ್ಲಿ ಪ್ಯಾಕೆಟ್ ಬೀಳುತ್ತೆ. ಜಿಎಫ್‌ಪಿ ಹೆಡರ್‌ಗೆ ಜಾಗ ಎಲ್ಲಿದೆ?" ಅಂದರು. ಈಥರ್ನೆಟ್ ಅನ್ನು ಎಸ್‌ಡಿಎಚ್ ಒಳಗೆ ಕೂರಿಸುವ ಜಿಎಫ್‌ಪಿ ಪ್ರತಿ ಈಥರ್ನೆಟ್ ಫ್ರೇಮಿಗೆ 8 ಬೈಟ್ ಸೇರಿಸುತ್ತದೆ, ನಿಜ. ಆದರೆ ಈಥರ್ನೆಟ್ ತಂತಿಯ ಮೇಲಿನ ಪ್ರಿಯಾಂಬಲ್ (ಫ್ರೇಮ್ ಬರುತ್ತಿದೆ ಅನ್ನುವ ಸೂಚನೆ) ಮತ್ತು ಫ್ರೇಮ್ ನಡುವಿನ ಖಾಲಿ ಜಾಗ, ಒಟ್ಟು 20 ಬೈಟ್, ಎಸ್‌ಡಿಎಚ್ ಒಳಗೆ ಹೋಗುವುದೇ ಇಲ್ಲ. ಅಲ್ಲಿಗೆ ಫ್ರೇಮಿಗೆ 12 ಬೈಟ್ ಉಳಿಯಿತು, ಅಲ್ವಾ?

ಆದರೂ ಮೊದಲ ರಾತ್ರಿಯ ಟೆಸ್ಟ್ ಬಿದ್ದುಹೋಯಿತು. ಟೆಸ್ಟರ್ ಬಾಡಿಗೆಯೇ ಸಾವಿರಗಟ್ಟಲೆ. ಎಲ್ಲರೂ 46ರ ಮೇಲೆ ತಪ್ಪು ಹೊರಿಸಿದರು. ನಾನು ಅಲಾರಂ ಲಾಗ್ ತೆಗೆಸಿದೆ. ಒಂದು ಕಡೆಯ ಕಾರ್ಡಿನಲ್ಲಿ ಎಲ್‌ಸಿಎಎಸ್ (ಕೆಟ್ಟ ವಿಸಿ-12 ಬಿಟ್ಟು ಉಳಿದವುಗಳಲ್ಲಿ ಲಿಂಕ್ ನಡೆಸುವ ವ್ಯವಸ್ಥೆ) ಆಫ್ ಇತ್ತು. ದಾರಿಯಲ್ಲಿ ಒಂದು ವಿಸಿ-12 ಕೆಟ್ಟರೆ ಇಡೀ ಗುಂಪೇ ಕೆಳಗೆ. ಅಂಥಾ ಸೆಟ್ಟಿಂಗ್‌ನಲ್ಲಿ 50 ಕೊಟ್ಟರೂ ಬೀಳುತ್ತಿತ್ತು. ಎಲ್‌ಸಿಎಎಸ್ ಆನ್ ಮಾಡಿ, ಕೆಟ್ಟದ್ದನ್ನು ಬದಲಿಸಿ, 1518 ಬೈಟ್ ಫ್ರೇಮ್ ರಾತ್ರಿಯಿಡೀ ಓಡಿಸಿದೆವು. ಒಂದೂ ಬೀಳಲಿಲ್ಲ. 64 ಬೈಟಿನ ಸಣ್ಣ ಫ್ರೇಮಿನಲ್ಲಂತೂ, ಪ್ರತಿಯೊಂದಕ್ಕೂ ಆ 12 ಬೈಟ್ ಉಳಿಯುವುದರಿಂದ, 40 ವಿಸಿ-12 ಸಾಕಾಗುತ್ತಿತ್ತು.

ಟೆಸ್ಟರ್ ಹೇಗೂ ಕೈಯಲ್ಲಿತ್ತು. ಒಂದನ್ನು ಕಿತ್ತು 45ಕ್ಕೆ ಇಳಿಸಿದೆ. ಲೆಕ್ಕದ ಪ್ರಕಾರ ಸೆಕೆಂಡಿಗೆ 8127ರ ಬದಲು ಸುಮಾರು 8020 ಫ್ರೇಮ್ ಹೋಗಬೇಕು. ಟೆಸ್ಟರ್ ಹತ್ತಿರ ಹತ್ತಿರ ಅದನ್ನೇ ತೋರಿಸಿತು. ಗ್ರಾಹಕರಿಗೆ ಇದು ಗೊತ್ತೇ ಆಗುತ್ತಿರಲಿಲ್ಲ. ಆದರೆ ಕರಾರಿನಲ್ಲಿ 100 ಎಂದಿತ್ತು, 46 ಕೊಟ್ಟೆವು.

ಜಿಪಾನ್‌ಗೂ ಈ ದಾರಿ ನೇರವಾಗಿ ನಡೆಯುತ್ತದೆ. ಅಲ್ಲೂ ಫ್ರೇಮ್ 125 ಮೈಕ್ರೊಸೆಕೆಂಡೇ. ಕೆಳಮುಖ (ಮನೆಯ ಕಡೆಗೆ) 38,880 ಬೈಟ್, ಮೇಲ್ಮುಖ (ಮನೆಯಿಂದ) 19,440. ಕೆಳಮುಖಕ್ಕೆ ಎಫ್‌ಇಸಿ (ದಾರಿಯಲ್ಲಾದ ತಪ್ಪು ತಿದ್ದಲು ಸೇರಿಸುವ ಬೈಟ್) ಹಾಕಿದರೆ ಸುಮಾರು 36,440 ಉಳಿಯುತ್ತದೆ. ಒಂದು ಪೋರ್ಟಿನಲ್ಲಿ 100 ಎಂಬಿ ಪ್ಲಾನಿನ 23 ಮನೆ ಒಟ್ಟಿಗೆ ಪೂರ್ತಿ ಎಳೆದರೆ ಪೋರ್ಟ್ ತುಂಬಿತು. 64 ಮನೆಗೆ ಹಂಚಿ ಹೇಗೆ ನಡೆಸುತ್ತೇನೆ, ಸಂಜೆಯ ಸರಾಸರಿ ಪ್ಯಾಕೆಟ್ ಅಳತೆ ಹೇಗೆ ಹಿಡಿಯುತ್ತೇನೆ ಅನ್ನುವುದು ನಮ್ಮ ಅನ್ನದ ವಿಷಯ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಒಟಿಎನ್‌ನಲ್ಲಿ (ದೂರದ ದೊಡ್ಡ ಫೈಬರ್ ಲಿಂಕ್‌ಗಳ ವ್ಯವಸ್ಥೆ) ಮಾತ್ರ ಇದು ಕೈಕೊಟ್ಟಿತು. ಅಲ್ಲಿ ಫ್ರೇಮ್ ಯಾವಾಗಲೂ 16,320 ಬೈಟ್. ಬದಲಾಗುವುದು ಸಮಯ. ಒಟಿಯು2 ಅನ್ನುವ ಅದರ ಒಂದು ದರ್ಜೆಗೆ 12.191 ಮೈಕ್ರೊಸೆಕೆಂಡ್, 125ಕ್ಕೆ ಸಮನಾಗಿ ಕೂರುವುದಿಲ್ಲ. ಒಂದು ಭಾನುವಾರ ಪೂರ್ತಿ ಒದ್ದಾಡಿ ಬಿಟ್ಟೆ. ಈಗ ಅಲ್ಲಿ ಎಸ್‌ಟಿಎಂ-64ರ ಸ್ಪೀಡ್ 9.95328 ಗಿಗ್ ಅನ್ನು 255/237ರಿಂದ ಗುಣಿಸುತ್ತೇನೆ, 10.709 ಗಿಗ್ ಬರುತ್ತದೆ. ಒಟಿಯು1, ಒಟಿಯು4ಗೆ ಮೂಲ ಸ್ಪೀಡೂ ಬೇರೆ; 237ರ ಬದಲು ಒಟಿಯು1ಗೆ 238, ಒಟಿಯು4ಗೆ 227 ಕೆಳಗೆ ಹಾಕಬೇಕು.

ಇನ್ನೊಂದು ಕಡೆ ಇದು ದೊಡ್ಡ ಜಗಳ ತಪ್ಪಿಸಿತು. ನಮ್ಮ ಒಂದು ಗಿಗ್ ಲಿಂಕಿನ ಗ್ರಾಫ್ 950ರ ಹತ್ತಿರ ಚಪ್ಪಟೆಯಾಗಿ ನಿಲ್ಲುತ್ತಿತ್ತು. ನಮಗೆ ಲಿಂಕ್ ಕೊಡುವವರು 50 ಎಂಬಿ ನುಂಗುತ್ತಿದ್ದಾರೆ ಎಂದು ಮಾಲೀಕರು ಬಿಲ್ ತಡೆಹಿಡಿದಿದ್ದರು. ಗ್ರಾಫ್ ಸಾಫ್ಟ್‌ವೇರ್ ಮೆಗಾಗೆ 1024 × 1024 ಹಾಕುತ್ತಿತ್ತು. ನೂರು ಕೋಟಿ ಬಿಟ್ ಅದರ ಪ್ರಕಾರ 953. ಕೌಂಟರ್ ಪ್ರಿಯಾಂಬಲ್, ಖಾಲಿ ಜಾಗದ ಆ 20 ಬೈಟನ್ನೂ ಎಣಿಸುವುದಿಲ್ಲ, ಅದಕ್ಕೆ ಇನ್ನೂ ಸ್ವಲ್ಪ ಕಮ್ಮಿ. ಹಾಳೆಯ ಮೇಲೆ 15,625 ಬರೆದು ತೋರಿಸಿದೆ. ಬಿಲ್ ಕಟ್ಟಿದರು.

ಈಗ ಎಕ್ಸ್‌ಜಿಎಸ್-ಪಾನ್ (ಜಿಪಾನ್‌ನ ಹೊಸ, ಹೆಚ್ಚು ಸ್ಪೀಡಿನ ರೂಪ) ಕಾರ್ಡ್ ತಗೊಳ್ಳುವ ಮಾತು ನಡೆದಿದೆ. ಕೊಟೇಷನ್ನಿನಲ್ಲಿ 10 ಜಿ ಎಂದಿದೆ. ಫ್ರೇಮಿಗೆ 1,55,520 ಬೈಟ್, ಕೆಳಮುಖ ಎಫ್‌ಇಸಿ ಕಳೆದರೆ 1,35,432. ಅಂದರೆ ಸುಮಾರು 8.67 ಗಿಗ್. ಮನೆಗೆ ಎಷ್ಟು ಬೀಳುತ್ತದೆ ಎಂದು ಆ ಲೆಕ್ಕದ ಮೇಲೇ ದರ ಮಾತಾಡುತ್ತಿದ್ದೇನೆ.